ಫೋನಲ್ಲಿ ಮಾತಾಡುತ್ತಾ ಬಟ್ಟೆ ಮಡಚೋಕೆ ಆಗುತ್ತೆ, ಮೇಲ್ ಬರೆಯೋಕೆ ಯಾಕೆ ಆಗಲ್ಲ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಯಾಕೆಂದರೆ ನನ್ನದೂ ಇದೇ ಕಥೆ. ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡುತ್ತಾ ಬಟ್ಟೆ ಮಡಚುತ್ತೀರಿ, ಏನೂ ಎಡವಟ್ಟಾಗುವುದಿಲ್ಲ. ಅದೇ ಆನ್‌ಲೈನ್ ಮೀಟಿಂಗ್ ನಡೆಯುವಾಗ ಎರಡು ಸಾಲಿನ ಮೇಲ್ ಬರೆಯಲು ಹೋದರೆ ಮೇಲೂ ಕೆಡುತ್ತದೆ, ಮೀಟಿಂಗ್‌ನಲ್ಲಿ ಏನು ಹೇಳಿದರೋ ಅದೂ ಹೋಗುತ್ತದೆ. ಪಕ್ಕದ ಸಹೋದ್ಯೋಗಿ ಮಾತ್ರ ಎಲ್ಲವನ್ನೂ ಒಟ್ಟಿಗೇ ಮಾಡಿ ಮುಗಿಸುತ್ತಾರೆ. ನನ್ನ ತಲೆಯಲ್ಲೇ ಏನಾದರೂ ಕೊರತೆ ಇದೆಯಾ, ಅಭ್ಯಾಸ ಮಾಡಿದರೆ ಸರಿಹೋಗುತ್ತಾ ಅಂತ ಕೇಳಿದ್ದೀರಿ.

ಕೊರತೆ ಇಲ್ಲ. ಅಭ್ಯಾಸದ ವಿಷಯಕ್ಕೆ ಉತ್ತರ ಸ್ವಲ್ಪ ಉದ್ದ.

ನಾನು ಮನಃಶಾಸ್ತ್ರ ಓದಿದವಳಲ್ಲ. ರೆಕಾರ್ಡಿಂಗ್ ಕೇಳಿಕೊಂಡು ಟೈಪ್ ಮಾಡುವುದು ನನ್ನ ಕೆಲಸ. ಕಿವಿಗೆ ಹೆಡ್‌ಫೋನ್, ಕಾಲಡಿಯಲ್ಲಿ ಪೆಡಲ್. ಒತ್ತಿದರೆ ಧ್ವನಿ ಓಡುತ್ತದೆ, ಬಿಟ್ಟರೆ ನಿಲ್ಲುತ್ತದೆ. ಕೆಲವು ವರ್ಷಗಳ ಹಿಂದೆ ಹೀಗೇ ಒಂದು ವಿಚಾರಣೆಯ ರೆಕಾರ್ಡಿಂಗ್ ಟೈಪ್ ಮಾಡುತ್ತಿದ್ದೆ. ಮಾತಾಡುವವರು ನಿಧಾನಸ್ಥರು, ವಾಕ್ಯಗಳೆಲ್ಲ ಒಂದೇ ಅಚ್ಚಿನವು. ಕೈ ತಾನಾಗಿ ಓಡುತ್ತಿತ್ತು. ಹಿಂದಿನಿಂದ ಗೆಳತಿ ಬಂದು, "ಛತ್ರಿ ತಂದಿದ್ದೀಯಾ?" ಅಂದಳು. ಪೆಡಲ್ ಬಿಡದೆ, ತಲೆ ಎತ್ತದೆ, "ಹ್ಞೂಂ" ಅಂದೆ. ಅವಳು ಹೋದಳು. ಮರುದಿನ ಕರಡು ತಿದ್ದಲು ಕೂತಾಗ ಕಂಡದ್ದು ಇದು: "ಅರ್ಜಿದಾರರು ಸಂಬಂಧಪಟ್ಟ ಎಲ್ಲಾ ಛತ್ರಿಗಳನ್ನು ಸಲ್ಲಿಸಿರುತ್ತಾರೆ."

ದಾಖಲೆಗಳನ್ನು ಅಂತ ಇರಬೇಕಾಗಿತ್ತು. ಬಹುವಚನ ಸರಿ, ವಿಭಕ್ತಿ ಸರಿ, ಕಾಗುಣಿತ ಸರಿ. ಪದ ಮಾತ್ರ ಗೆಳತಿಯದ್ದು. ಇನ್ನೂ ಒಂದಿದೆ. ಆ ದಿನ ನಾನು ಛತ್ರಿ ತಂದೇ ಇರಲಿಲ್ಲ! ಸಂಜೆ ಇಬ್ಬರೂ ನೆನೆದುಕೊಂಡು ಹೋದೆವು. ಅಂದರೆ ಎರಡು ಕೆಲಸ ಒಟ್ಟಿಗೆ ಮಾಡಿದೆ ಅಂದುಕೊಂಡಿದ್ದೆ, ಎರಡನ್ನೂ ತಪ್ಪು ಮಾಡಿದ್ದೆ. ಮಾಡುವಾಗ ತಪ್ಪಿದೆ ಅಂತ ಒಂದಿಷ್ಟೂ ಅನಿಸಿರಲಿಲ್ಲ. ಈ ಕೊನೆಯ ಮಾತೇ ನನ್ನನ್ನು ಜಾಸ್ತಿ ಕಾಡಿದ್ದು. ಅದಾದ ಮೇಲೆ ಈ ವಿಷಯದಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಓದುವ ಚಟ ಹತ್ತಿತು.

ಓದುವ ಮೊದಲು ನೀವೂ ಒಂದು ಸಣ್ಣ ಪ್ರಯೋಗ ಮಾಡಿ. ಫೋನಿನ ಸ್ಟಾಪ್‌ವಾಚ್ ಇಟ್ಟುಕೊಳ್ಳಿ. ಒಂದರಿಂದ ಹತ್ತರವರೆಗೆ ಜೋರಾಗಿ ಎಣಿಸಿ. ಆಮೇಲೆ ಕ ಖ ಗ ಘ ಙ, ಚ ಛ ಜ ಝ ಞ ಹೇಳಿ. ಎರಡಕ್ಕೂ ಎಷ್ಟು ಹೊತ್ತಾಯಿತು ಬರೆದುಕೊಳ್ಳಿ. ಈಗ ಅವನ್ನೇ ಬೆರೆಸಿ ಹೇಳಿ: ಒಂದು, ಕ, ಎರಡು, ಖ, ಮೂರು, ಗ... ಹತ್ತರವರೆಗೆ. ಒಟ್ಟು ಅದೇ ಇಪ್ಪತ್ತು ಶಬ್ದ. ಒಂದೂ ಹೊಸದಿಲ್ಲ, ಎಲ್ಲವೂ ಚಿಕ್ಕಂದಿನಿಂದ ಬಾಯಿಪಾಠ. ಆದರೂ ಆರು, ಏಳರ ಹತ್ತಿರ ಬರುವಷ್ಟರಲ್ಲಿ ನಾಲಿಗೆ ತಡವರಿಸುತ್ತದೆ. ನಾನು ಮೊದಲ ಸಲ "ಏಳು" ಅಂದು ಸುಮ್ನೆ ನಿಂತುಬಿಟ್ಟೆ. ಅಕ್ಷರ ಎಲ್ಲಿಗೆ ಬಂದಿತ್ತು ಅನ್ನುವುದೇ ಹೋಗಿತ್ತು.

ಜಾಸ್ತಿಯಾದ ಆ ಸೆಕೆಂಡುಗಳು ಯಾವ ಶಬ್ದಕ್ಕೂ ಸೇರಿದ್ದಲ್ಲ. ಒಂದು ಸಾಲು ಬಿಟ್ಟು ಇನ್ನೊಂದು ಸಾಲಿಗೆ ಹೊರಳುವುದಕ್ಕೆ ಹೋದ ಹೊತ್ತು ಅದು. ಇದನ್ನು 1927ರಲ್ಲೇ ಆರ್ಥರ್ ಜರ್ಸಿಲ್ಡ್ ಅನ್ನುವವರು ಅಳೆದಿದ್ದರು. 1995ರಲ್ಲಿ ರಾಬರ್ಟ್ ರೋಜರ್ಸ್ ಮತ್ತು ಸ್ಟೀಫನ್ ಮಾನ್ಸೆಲ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಈಗ ಹೊರಳಬೇಕು ಅಂತ ಮೊದಲೇ ಗೊತ್ತಿದ್ದು, ತಯಾರಾಗಲು ಸಮಯವನ್ನೂ ಕೊಟ್ಟರೆ ಈ ನಷ್ಟ ಕಡಿಮೆಯಾಗುತ್ತದೆ. ಆದರೆ ಪೂರ್ತಿ ಹೋಗುವುದಿಲ್ಲ. ಸ್ವಲ್ಪ ಉಳಿದೇ ಉಳಿಯುತ್ತದೆ. ನಾವು "ಒಟ್ಟಿಗೆ ಮಾಡುತ್ತಿದ್ದೇನೆ" ಅನ್ನುವುದರಲ್ಲಿ ಬಹುಪಾಲು ಇದೇ, ಬೇಗ ಬೇಗ ಹೊರಳಾಡುವುದು.

ಹಾಗಾದರೆ ನಿಜವಾಗಿಯೂ ಒಂದೇ ಕ್ಷಣದಲ್ಲಿ ಎರಡು ಆಗುವುದೇ ಇಲ್ಲವಾ? ಆಗುತ್ತದೆ. ಎಲ್ಲಿ ಆಗುತ್ತದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅನ್ನುವುದನ್ನು ಹುಡುಕಲು ಒಂದು ಸರಳ ಪರೀಕ್ಷೆ ಇದೆ. ಕಿವಿಗೆ ಒಂದು ಶಬ್ದ ಬೀಳುತ್ತದೆ. ಅದು ಕೀಚಲೋ ದಪ್ಪವೋ ಅಂತ ಬಾಯಲ್ಲಿ ಹೇಳಬೇಕು. ಪರದೆಯ ಮೇಲೆ ಒಂದು ಅಕ್ಷರ ಬರುತ್ತದೆ. ಯಾವುದು ಅಂತ ನೋಡಿ ಅದಕ್ಕೆ ತಕ್ಕ ಬಟನ್ ಒತ್ತಬೇಕು. ನೋಡಿ, ಒಂದಕ್ಕೆ ಕಿವಿ ಮತ್ತು ಬಾಯಿ, ಇನ್ನೊಂದಕ್ಕೆ ಕಣ್ಣು ಮತ್ತು ಕೈ. ಜಗಳಕ್ಕೆ ಕಾರಣವೇ ಇಲ್ಲ, ಅಲ್ವಾ? ಆದರೂ ಎರಡೂ ಹತ್ತಿರ ಹತ್ತಿರ ಬಂದರೆ ಎರಡನೆಯದರ ಉತ್ತರ ತಡವಾಗುತ್ತದೆ. ಎಷ್ಟು ಹತ್ತಿರ ಬಂದರೆ ಅಷ್ಟು ತಡ. ಒಂದು ಸೆಕೆಂಡಿನ ಅಂತರ ಕೊಟ್ಟರೆ ತಡ ಹೆಚ್ಚುಕಡಿಮೆ ಮಾಯ. 1952ರಲ್ಲಿ ಅಲನ್ ವೆಲ್ಫರ್ಡ್ ಇದಕ್ಕೆ ಒಂದು ಕಾರಣ ಕೊಟ್ಟರು. 1994ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಅಲ್ಲಿಯವರೆಗಿನ ಪ್ರಯೋಗಗಳನ್ನೆಲ್ಲ ಜೋಡಿಸಿ ಆ ಕಾರಣವನ್ನು ಗಟ್ಟಿ ಮಾಡಿದರು.

ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಪ್ರತಿ ಕೆಲಸಕ್ಕೂ ಮೂರು ಭಾಗ ಇವೆ ಅಂದುಕೊಳ್ಳಿ: ಗಮನಿಸುವುದು, ತೀರ್ಮಾನಿಸುವುದು, ಮಾಡುವುದು. ಗಮನಿಸುವ ಕಿಟಕಿಗಳು ಹಲವು. ಮಾಡುವ ಕೈಗಳೂ ಹಲವು. ನಡುವೆ ತೀರ್ಮಾನದ ಕೌಂಟರ್ ಮಾತ್ರ ಒಂದೇ. ಒಬ್ಬರ ಕೆಲಸ ಅಲ್ಲಿ ಮುಗಿಯುವವರೆಗೆ ಇನ್ನೊಬ್ಬರು ಸಾಲಿನಲ್ಲಿ ನಿಲ್ಲಬೇಕು. ಸಾಲು ಅಂದರೆ ಸೆಕೆಂಡಿನ ಸಣ್ಣ ಚೂರು, ನಮಗೆ ಗೊತ್ತೂ ಆಗುವುದಿಲ್ಲ. ಆದರೆ ಗಂಟೆಗೆ 60 ಕಿಲೋಮೀಟರ್ ವೇಗದ ಕಾರು ಕಾಲು ಸೆಕೆಂಡಿನಲ್ಲಿ 4 ಮೀಟರಿಗಿಂತ ಜಾಸ್ತಿ ಮುಂದೆ ಹೋಗಿರುತ್ತದೆ. 2006ರಲ್ಲಿ ಪ್ಯಾಶ್ಲರ್ ತಂಡ ಕಾರಿನ ಸಿಮ್ಯುಲೇಟರ್‌ನಲ್ಲಿ ಇದನ್ನೇ ನೋಡಿತು. ಒಂದು ಸದ್ದು ಒಂದು ಸಲ ಆಯಿತೋ ಎರಡು ಸಲವೋ ಅಂತ ಹೇಳುವಷ್ಟು ಸುಲಭದ ಕೆಲಸ. ಅದರ ಬೆನ್ನಿಗೇ ಮುಂದಿನ ಕಾರಿನ ಬ್ರೇಕ್ ಲೈಟ್ ಹತ್ತಿದರೆ ಬ್ರೇಕ್ ಒತ್ತುವುದು ತಡವಾಗುತ್ತಿತ್ತು.

ಈಗ ನಿಮ್ಮ ಬಟ್ಟೆಗೆ ಬರೋಣ. ಅಂಗಿ ಮಡಚುವಾಗ ತೋಳನ್ನು ಎಡಕ್ಕೆ ಹಾಕಲೋ ಬಲಕ್ಕೆ ಹಾಕಲೋ ಅಂತ ನೀವು ತೀರ್ಮಾನಿಸುವುದಿಲ್ಲ. ಸಾವಿರ ಸಲ ಮಾಡಿ ಮಾಡಿ ಆ ತೀರ್ಮಾನ ಕೈಗೇ ಇಳಿದಿದೆ. ಅದು ಕೌಂಟರಿಗೆ ಬರುವುದೇ ಇಲ್ಲ, ಹೊರಗಿನಿಂದಲೇ ಹೋಗುತ್ತದೆ. ಕೌಂಟರ್ ಪೂರ್ತಿ ಫೋನಿನ ಮಾತಿಗೆ ಸಿಗುತ್ತದೆ. ಆದರೆ ಎಲಾಸ್ಟಿಕ್ ಅಂಚಿನ ಬೆಡ್‌ಶೀಟ್ ಕೈಗೆ ಬರಲಿ, ಮೂಲೆ ಯಾವುದು ಅಂತ ಹುಡುಕುವಾಗ ಮಾತು "ಹಾಂ... ಹಾಂ..." ಆಗುತ್ತದೆ. ಉಲ್ಟಾನೂ ಅಷ್ಟೇ. ಫೋನಿನ ಆ ಕಡೆಯಿಂದ "ಒಂದು ವಿಷಯ ಹೇಳಬೇಕು, ಗಾಬರಿಯಾಗಬೇಡ" ಅಂತ ಬಂದರೆ ಅಂಗಿ ಅರ್ಧ ಮಡಚಿದಲ್ಲೇ ನಿಲ್ಲುತ್ತದೆ. ಕೈಗೇ ಇಳಿದಿದೆ ಅಂದೆನಲ್ಲ, ಅದೂ ಪೂರ್ತಿ ನಿಜವಲ್ಲ. ಮೇಲಿಂದ ಸಣ್ಣದೊಂದು ಉಸ್ತುವಾರಿ ಇದ್ದೇ ಇರುತ್ತದೆ.

ನಡಿಗೆಗೂ ಅದು ಬೇಕು. 1997ರಲ್ಲಿ ಸ್ವೀಡನ್ನಿನ ಸಂಶೋಧಕರು ಲ್ಯಾನ್ಸೆಟ್ ಪತ್ರಿಕೆಯಲ್ಲಿ ತುಂಬ ಸರಳವಾದ ಒಂದು ಸಂಗತಿ ಬರೆದರು. ವಯಸ್ಸಾದ 58 ಜನರ ಜೊತೆ ನಡೆಯುತ್ತಾ ಮಾತು ಶುರು ಮಾಡಿದರು. 12 ಜನ ಉತ್ತರ ಕೊಡಲು ನಡಿಗೆ ನಿಲ್ಲಿಸಿದರು. ಮುಂದಿನ ಆರು ತಿಂಗಳಲ್ಲಿ ಆ 12ರಲ್ಲಿ 10 ಜನ ಬಿದ್ದಿದ್ದರು. ನಿಲ್ಲಿಸದೆ ನಡೆದ 46 ಜನರಲ್ಲಿ ಬಿದ್ದವರು 11. ವಯಸ್ಸಾದ ಹಾಗೆ ನಡಿಗೆ ಮತ್ತೆ ಕೌಂಟರಿಗೆ ಬಂದು ಸಾಲಿನಲ್ಲಿ ನಿಲ್ಲುತ್ತದೆ ಅಂತ ನನಗೆ ಅರ್ಥವಾದದ್ದು ಆಗ. ಹಿರಿಯರು ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಏನಾದರೂ ಕೇಳುವ ಅಭ್ಯಾಸ ಬಿಟ್ಟೆ.

ಮೇಲ್ ವಿಷಯ ಇನ್ನೂ ಕಷ್ಟದ್ದು. ಅಲ್ಲಿ ಸಾಲೂ ಒಂದೇ, ಸಾಮಾನೂ ಒಂದೇ. ಮೀಟಿಂಗ್ ಅಂದರೆ ಮಾತು. ಮೇಲ್ ಅಂದರೂ ಮಾತೇ, ಬಾಯಿ ಮುಚ್ಚಿಕೊಂಡು ಆಡುವ ಮಾತು. 1974ರಲ್ಲಿ ಅಲನ್ ಬ್ಯಾಡ್ಲಿ ಮತ್ತು ಗ್ರಹಾಂ ಹಿಚ್ ಹೇಳಿದ ಪ್ರಕಾರ ಪದಗಳನ್ನು ಕ್ಷಣಕಾಲ ಹಿಡಿದಿಟ್ಟುಕೊಳ್ಳಲು ನಮ್ಮೊಳಗೆ ಒಂದು ಜಾಗವಿದೆ, ಚಿತ್ರಗಳನ್ನು ಹಿಡಿದಿಟ್ಟುಕೊಳ್ಳಲು ಬೇರೆ ಜಾಗವಿದೆ. ಫೋನ್ ನಂಬರ್ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಇರುವಾಗ ಯಾರಾದರೂ ಇನ್ನೊಂದು ನಂಬರ್ ಹೇಳಿದರೆ ಏನಾಗುತ್ತದೆ, ಗೊತ್ತಲ್ಲ? ಅದೇ ಜಾಗಕ್ಕೆ ಇಬ್ಬರು ನುಗ್ಗಿದ ಹಾಗೆ. ನನ್ನ "ಛತ್ರಿಗಳನ್ನು" ಹುಟ್ಟಿದ್ದೂ ಅಲ್ಲೇ ಇರಬೇಕು. ಬಹುವಚನ, ವಿಭಕ್ತಿಯೆಲ್ಲ ಬೆರಳಿಗೆ ಇಳಿದಿದ್ದವು, ಅವು ತಪ್ಪಲಿಲ್ಲ. ಪದ ಇಡುವ ಜಾಗದಲ್ಲಿ ಮಾತ್ರ ದಾಖಲೆ ಇದ್ದಲ್ಲಿ ಛತ್ರಿ ಬಂದು ಕೂತಿತ್ತು.

ನನ್ನ ಕಸುಬಿನವರ ಮೇಲೇ ಆದ ಒಂದು ಪ್ರಯೋಗ ಇದೆ. 1975ರಲ್ಲಿ ಶಾಫರ್ ಅನ್ನುವವರು ಒಬ್ಬ ನುರಿತ ಟೈಪಿಸ್ಟ್‌ಳನ್ನು ಪರೀಕ್ಷಿಸಿದರು. ಕಣ್ಣೆದುರು ಇದ್ದ ಪಠ್ಯವನ್ನು ನೋಡಿಕೊಂಡು ಟೈಪ್ ಮಾಡುತ್ತಾ, ಕಿವಿಗೆ ಬೀಳುವ ಬೇರೆ ಮಾತನ್ನು ಬಾಯಲ್ಲಿ ಹೇಳುತ್ತಾ ಹೋಗಬೇಕು. ಆಕೆ ಅದನ್ನು ಸಲೀಸಾಗಿ ಮಾಡಿದಳು. ಕೇಳಿದರೆ ಪವಾಡ ಅನಿಸುತ್ತದೆ. ಆದರೆ ಅದಲು ಬದಲು ಮಾಡಿದಾಗ, ಅಂದರೆ ಕಿವಿಯಿಂದ ಬಂದದ್ದನ್ನು ಟೈಪ್ ಮಾಡುತ್ತಾ ಕಣ್ಣಿನಿಂದ ಓದಿದ್ದನ್ನು ಜೋರಾಗಿ ಹೇಳಬೇಕಾದಾಗ, ಕೆಲಸ ಕೆಟ್ಟಿತು. ಅದೇ ಕೈ, ಅದೇ ಬಾಯಿ, ದಾರಿ ಮಾತ್ರ ಅಡ್ಡಾದಿಡ್ಡಿ. ಇದನ್ನು ಓದಿದ ದಿನ ಮನೆಯಲ್ಲಿ ನಾನೂ ಮಾಡಿ ನೋಡಿದೆ. ನೋಡಿ ಟೈಪ್ ಮಾಡುವಾಗ ಬಾಯಿಪಾಠದ ಮಗ್ಗಿ ಹೇಳಬಲ್ಲೆ. ಕೇಳಿ ಟೈಪ್ ಮಾಡುವಾಗ ಎರಡರ ಮಗ್ಗಿಯೂ ಮೂರನೇ ಸಾಲಿಗೆ ನಿಂತಿತು.

ಇನ್ನು ಅಭ್ಯಾಸ. 1976ರಲ್ಲಿ ಎಲಿಜಬೆತ್ ಸ್ಪೆಲ್ಕಿ, ವಿಲಿಯಂ ಹರ್ಸ್ಟ್ ಮತ್ತು ಉಲ್ರಿಕ್ ನೈಸರ್ ಇಬ್ಬರು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಒಂದು ಹಟದ ಪ್ರಯೋಗ ಮಾಡಿದರು. ಕಥೆ ಓದುತ್ತಾ ಇರಬೇಕು, ಅದೇ ಹೊತ್ತಿಗೆ ಹೇಳಿದ ಪದಗಳನ್ನು ಬರೆದುಕೊಳ್ಳಬೇಕು. ದಿನಕ್ಕೆ ಒಂದು ಗಂಟೆ, ವಾರಕ್ಕೆ ಐದು ದಿನ, 17 ವಾರ. ಮೊದಮೊದಲು ಓದು ಕುಂಟಿತು, ಬರಹವೂ ಕೆಟ್ಟಿತು. ಕೆಲವು ವಾರಗಳಾದ ಮೇಲೆ ಇಬ್ಬರೂ ತಮ್ಮ ಮಾಮೂಲಿ ವೇಗದಲ್ಲೇ, ಅರ್ಥವಾಗುವ ಹಾಗೇ ಓದುತ್ತಿದ್ದರು, ಕೈ ಬರೆಯುತ್ತಲೇ ಇತ್ತು. ಆದರೆ ಬರೆದ ಪದಗಳು? ಸಾಲಾಗಿ ಒಂದೇ ಗುಂಪಿನ ಪದಗಳನ್ನು ಹೇಳಿದರೂ ಅವರ ಗಮನಕ್ಕೆ ಬರುತ್ತಿರಲಿಲ್ಲ. ಆಮೇಲೆ ಅದಕ್ಕೂ ಬೇರೆಯಾಗಿ ಅಭ್ಯಾಸ ಮಾಡಿಸಿದಾಗ ಪದದ ಬದಲು ಅದು ಯಾವ ಗುಂಪಿಗೆ ಸೇರಿದ್ದು ಅಂತ ಬರೆಯುವುದನ್ನೂ ಕಲಿತರು.

ನೋಡಿದಿರಾ, ಮಿತಿಯೇ ಇಲ್ಲ ಅಂತ ಕೆಲವರು ಇದನ್ನು ತೋರಿಸುತ್ತಾರೆ. ಕಥೆ ಓದುವುದರಲ್ಲಿ ಬೇಕಾದಷ್ಟು ಬಿಡುವು ಇರುತ್ತದೆ, ಆ ಸಂದಿನಲ್ಲಿ ಹೊರಳಿರಬಹುದು ಅಂತ ಇನ್ನು ಕೆಲವರು. ಈ ವಾದ ಪೂರ್ತಿ ಮುಗಿದಿಲ್ಲ. ನನಗೆ ಹೆಚ್ಚು ಒಪ್ಪಿಗೆಯಾದದ್ದು 2009ರಲ್ಲಿ ಪಾಲ್ ಡಕ್ಸ್ ಮತ್ತು ಸಂಗಡಿಗರು ಮಿದುಳಿನ ಸ್ಕ್ಯಾನ್ ಮಾಡಿ ಕಂಡದ್ದು. ಅಭ್ಯಾಸವಾದ ಮೇಲೆ ಎರಡು ಕೆಲಸ ಒಟ್ಟಿಗೆ ಚೆನ್ನಾಗಿ ಆಗುತ್ತಿತ್ತು, ನಿಜ. ಆದರೆ ಮಿದುಳಿನ ಮುಂಭಾಗದಲ್ಲಿ ಎರಡನೇ ಕೌಂಟರ್ ತೆರೆದಿರಲಿಲ್ಲ. ಇದ್ದ ಒಂದೇ ಕೌಂಟರಿನಲ್ಲಿ ಕೆಲಸ ಬೇಗ ಬೇಗ ಮುಗಿಯುತ್ತಿತ್ತು, ಸಾಲು ಬೇಗ ಕರಗುತ್ತಿತ್ತು. ನನ್ನ ಅನುಭವವೂ ಇದಕ್ಕೇ ಹೊಂದುತ್ತದೆ. ಅಭ್ಯಾಸ ಸಹಾಯ ಮಾಡುವುದು ಅದೇ ಜೋಡಿ ಕೆಲಸಕ್ಕೆ, ಅದೂ ಪ್ರತಿ ಸಲ ಹೆಚ್ಚುಕಡಿಮೆ ಒಂದೇ ರೀತಿ ಇರುವ ಕೆಲಸಕ್ಕೆ. ಮೇಲ್ ಪ್ರತಿ ಸಲ ಹೊಸದು. ಮೀಟಿಂಗ್ ಕೂಡ ಹೊಸದು (ಹಾಗಂತ ಕರೆದವರು ಹೇಳುತ್ತಾರೆ). ಹಾಗಾಗಿ ಆ ಜೋಡಿಗೆ ಅಭ್ಯಾಸ ಕೈಹಿಡಿಯುತ್ತದೆ ಅಂತ ನಾನು ನಂಬುವುದಿಲ್ಲ.

ಈಗ ಮೊದಲು ಹೇಳಿದ ಕಾಟದ ವಿಷಯ. ತಪ್ಪಿದ್ದು ಯಾಕೆ ಗೊತ್ತಾಗುವುದಿಲ್ಲ? ತಪ್ಪಿತು ಅಂತ ಗಮನಿಸುವುದೂ ಒಂದು ಕೆಲಸ ತಾನೇ. ಅದೂ ಅದೇ ಸಾಲಿನಲ್ಲಿ ನಿಲ್ಲಬೇಕು, ಅದರ ಸರದಿ ಬರುವುದೇ ಇಲ್ಲ. ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ತಂಡ 2003ರಲ್ಲಿ ಸಿಮ್ಯುಲೇಟರ್‌ನಲ್ಲಿ ಕಾರು ಓಡಿಸುವವರ ಕಣ್ಣಿನ ಚಲನೆಯನ್ನೇ ಅಳೆಯಿತು. ಫೋನಿನಲ್ಲಿ ಮಾತಾಡುತ್ತಿದ್ದವರ ಕಣ್ಣು ರಸ್ತೆ ಬದಿಯ ಬೋರ್ಡಿನ ಮೇಲೆ ನೇರವಾಗಿ ಬಿದ್ದಿತ್ತು. ಆಮೇಲೆ ಕೇಳಿದರೆ ಆ ಬೋರ್ಡ್ ನೆನಪಿರುವುದು ಕಡಿಮೆ. ಫೋನ್ ಕೈಯಲ್ಲಿರಲಿ, ಹ್ಯಾಂಡ್ಸ್‌ಫ್ರೀ ಇರಲಿ, ಅವರ ಪ್ರಯೋಗಗಳಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ಬಿಡುವಿಲ್ಲದ್ದು ಕೈಗಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಪಕ್ಕದ ಸೀಟಿನಲ್ಲಿ ಕೂತವರ ಜೊತೆ ಮಾತಾಡುವುದು ಅಷ್ಟು ಅಪಾಯವಲ್ಲ. ಅವರಿಗೂ ರಸ್ತೆ ಕಾಣುತ್ತದೆ, ತಿರುವು ಬಂದಾಗ ತಾವೇ ಮಾತು ನಿಲ್ಲಿಸುತ್ತಾರೆ. ಫೋನಿನ ಆ ಕಡೆ ಇರುವವರಿಗೆ ತಿರುವು ಎಲ್ಲಿ ಕಾಣಬೇಕು!

2010ರ ಇನ್ನೊಂದು ಪ್ರಯೋಗ ನನಗೆ ಬಲು ಇಷ್ಟ. ಒಂದೇ ಚಕ್ರದ ಸೈಕಲ್ ಮೇಲೆ ಬಣ್ಣ ಬಣ್ಣದ ಬಟ್ಟೆಯ ಜೋಕರ್ ಒಬ್ಬನನ್ನು ವಿಶ್ವವಿದ್ಯಾಲಯದ ಅಂಗಳದಲ್ಲಿ ಓಡಾಡಿಸಿದರು. ಅಲ್ಲೇ ದಾಟಿ ಹೋದವರಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದವರನ್ನು ಕೇಳಿದಾಗ ಜೋಕರನ್ನು ನೋಡಿದೆ ಅಂದವರು ನಾಲ್ಕರಲ್ಲಿ ಒಬ್ಬರು ಮಾತ್ರ. ಉಳಿದ ಮೂವರಿಗೆ ತಾವು ಏನನ್ನಾದರೂ ತಪ್ಪಿಸಿಕೊಂಡೆವು ಅನ್ನುವ ಗುಮಾನಿಯೂ ಇರಲಿಲ್ಲ. ಯಾರೂ ಕೇಳದೆ ಹೋಗಿದ್ದರೆ "ಮಾತಾಡುತ್ತಾ ಆರಾಮಾಗಿ ನಡೆದು ಬಂದೆ" ಅಂತಲೇ ಹೇಳುತ್ತಿದ್ದರು.

ಹಾಗಾದರೆ ಮೀಟಿಂಗ್‌ನಲ್ಲಿ ನಾನು ಏನು ಮಾಡಲಿ ಅಂದರೆ, ನಾನು ಮಾಡುವುದನ್ನು ಹೇಳುತ್ತೇನೆ. ಟೈಪ್ ಮಾಡುವಾಗ ಯಾರಾದರೂ ಕರೆದರೆ ಎಡಗೈ ಎತ್ತುತ್ತೇನೆ. ನಡೆಯುತ್ತಿರುವ ವಾಕ್ಯ ಮುಗಿಸಿ ಪೆಡಲ್ ಬಿಡುತ್ತೇನೆ. ಮುಂದಿನ ಒಂದೆರಡು ಪದವನ್ನು ಪಕ್ಕದ ಚೀಟಿಯಲ್ಲಿ ಗೀಚಿಕೊಂಡು ಆಮೇಲೆ ತಿರುಗುತ್ತೇನೆ. ಚೀಟಿ ಯಾಕೆ ಅಂದರೆ, ಅರ್ಧಕ್ಕೆ ಬಿಟ್ಟ ಕೆಲಸ ತಲೆಯಿಂದ ಪೂರ್ತಿ ಇಳಿಯುವುದಿಲ್ಲ. ಸೋಫಿ ಲೆರಾಯ್ 2009ರಲ್ಲಿ ತೋರಿಸಿದ್ದು ಇದನ್ನೇ: ಹಿಂದಿನ ಕೆಲಸದ ಮೇಲಿನ ಗಮನ ಸ್ವಲ್ಪ ಅಲ್ಲೇ ಅಂಟಿಕೊಂಡಿರುತ್ತದೆ, ಹೊಸ ಕೆಲಸಕ್ಕೆ ಅಷ್ಟು ಕಡಿಮೆ ಬೀಳುತ್ತದೆ. ಎಲ್ಲಿ ಬಿಟ್ಟೆ ಅಂತ ಬರೆದಿಟ್ಟರೆ ಅದನ್ನು ಹೊತ್ತುಕೊಂಡು ತಿರುಗುವುದು ತಪ್ಪುತ್ತದೆ. ಮೀಟಿಂಗ್‌ನಲ್ಲಿ ಕೈ ಸುಮ್ಮನೆ ಇರಲಾರದು ಅನಿಸಿದರೆ ಮೇಲ್ ಬೇಡ, ಏನಾದರೂ ಗೀರುತ್ತಾ ಕೂರಿ, ಇಲ್ಲವೇ ಬಟ್ಟೆಯನ್ನೇ ಮಡಚಿ. ಕ್ಯಾಮೆರಾ ಆಫ್ ಇದೆಯಾ ನೋಡಿಕೊಳ್ಳಿ, ಅಷ್ಟೇ.

ನಿಮ್ಮ ಸಹೋದ್ಯೋಗಿ ಬಗ್ಗೆ. ನಿಜವಾಗಿಯೂ ಆಗುವವರು ಇದ್ದಾರೆ. 2010ರಲ್ಲಿ ಜೇಸನ್ ವಾಟ್ಸನ್ ಮತ್ತು ಸ್ಟ್ರೇಯರ್ 200 ಜನರಿಗೆ ಕಾರು ಓಡಿಸುತ್ತಾ ಲೆಕ್ಕ ಮತ್ತು ನೆನಪಿನ ಪರೀಕ್ಷೆ ಕೊಟ್ಟಾಗ 5 ಜನರಿಗೆ ಏನೂ ಕೆಡಲಿಲ್ಲ. ನೂರಕ್ಕೆ ಎರಡೂವರೆ ಅಂದುಕೊಳ್ಳಿ. ನಿಮ್ಮ ಸಹೋದ್ಯೋಗಿ ಅವರಲ್ಲಿ ಒಬ್ಬರಿರಬಹುದು. ಆದರೆ ಅದೇ ಯೂಟಾ ವಿಶ್ವವಿದ್ಯಾಲಯದ 2013ರ ಅಧ್ಯಯನದ ಪ್ರಕಾರ, ಒಟ್ಟಿಗೆ ಹಲವು ಕೆಲಸ ಜಾಸ್ತಿ ಮಾಡುವವರೇ ಪರೀಕ್ಷೆಯಲ್ಲಿ ಹಿಂದೆ ಬಿದ್ದರು, ತಮ್ಮ ಸಾಮರ್ಥ್ಯದ ಬಗ್ಗೆ ಅವರ ಅಂದಾಜು ಮಾತ್ರ ಮೇಲಿತ್ತು. ಗೊತ್ತಾಗಬೇಕೆಂದರೆ ಒಂದು ದಿನ ಮೀಟಿಂಗ್ ನಡುವೆ ಅವರಿಂದ ಮೇಲ್ ಬಂದಾಗ ಅದರ ಸಮಯ ನೋಡಿಕೊಳ್ಳಿ. ಆ ನಿಮಿಷದಲ್ಲಿ ಮೀಟಿಂಗ್‌ನಲ್ಲಿ ಏನು ಮಾತಾಯಿತು ಅಂತ ಸಂಜೆ ಸುಮ್ನೆ ಕೇಳಿ. "ಅದೇ, ಎಂದಿನ ವಿಷಯವೇ" ಅಂತ ಉತ್ತರ ಬಂದರೆ ಅವರು ಸುಳ್ಳು ಹೇಳುತ್ತಿಲ್ಲ, ಪಾಪ. ನಾನೂ ಛತ್ರಿ ತಂದಿದ್ದೇನೆ ಅಂತಲೇ ಅಂದುಕೊಂಡಿದ್ದೆ.